ಗುಡ್ಡದೊಳಗಿನ ಕಬ್ಬಿಣವೂ ನಾಲೆಯ ನೀರೂ

ಭೂಮಿಯ ಒಡಲಲ್ಲಿ ಸಂಪತ್ತೊಂದು ಅಡಗಿದೆಯೆಂದು ಖಚಿತವಾಗಿ ತಿಳಿದಿದೆ. ಅದನ್ನು ಹೊರತೆಗೆಯುವ ವಿದ್ಯೆಯೂ ಯಂತ್ರಗಳೂ ಕೈಯಲ್ಲಿವೆ. ಕೊಳ್ಳುವವರು ಹಣ ಹಿಡಿದು ಕಾದಿದ್ದಾರೆ. ಹೀಗಿರುವಾಗ ಅದನ್ನು ಮುಟ್ಟದೆ ಬಿಡುವುದು ವಿವೇಕವೇ? ಅಥವಾ ಸೃಷ್ಟಿಕರ್ತನು ಮಾನವನಿಗಾಗಿ ಇರಿಸಿದ ಅನುಗ್ರಹವನ್ನು ತಿರಸ್ಕರಿಸುವ ಕೃತಘ್ನತೆಯೇ? ಅರಣ್ಯದ ನಡುವೆ ತೈಲ ಬಾವಿ ಕೊರೆಯುವ ವಿಷಯವಿರಲಿ, ಅದಿರು ಅಗೆಯುವ ವಿಷಯವಿರಲಿ, ವಾದವಿವಾದಗಳ ಗದ್ದಲವನ್ನು ಬದಿಗಿರಿಸಿ ನೋಡಿದರೆ ಕೊನೆಗೆ ಉಳಿಯುವುದು ಈ ಪ್ರಶ್ನೆಯೇ. ಇದು ವಿಜ್ಞಾನಿಗಳು ಮಾತ್ರ ಬಿಡಿಸಬಹುದಾದ ಒಗಟಲ್ಲ. ಎಷ್ಟು ಟನ್ ಅದಿರಿದೆಯೆಂದು ಅವರು ಹೇಳಬಲ್ಲರು. ಅದನ್ನು ತೆಗೆಯುವ ಹಕ್ಕು ಯಾರಿಗಿದೆಯೆಂದು ಹೇಳುವುದು ಅವರ ಶಾಸ್ತ್ರದ ಕೆಲಸವಲ್ಲ.

ದಾವಣಗೆರೆಗೂ ಹರಿಹರಕ್ಕೂ ನಡುವೆ ಪಿ.ಬಿ. ರಸ್ತೆಯ ಬದಿಯಲ್ಲಿರುವ ಬಾತಿಯಲ್ಲಿ ಕುಳಿತು ಈ ಪ್ರಶ್ನೆಯ ಬಗ್ಗೆ ಏಕೆ ಚಿಂತಿಸಬೇಕು ಎಂದು ಯಾರಾದರೂ ಕೇಳಬಹುದು. ಇಲ್ಲಿ ಕಾಡೂ ಇಲ್ಲ, ಎಣ್ಣೆಯೂ ಇಲ್ಲ. ಆದರೆ ನಮ್ಮ ಸೀಮೆಯ ಗದ್ದೆಗಳಲ್ಲಿ ಬೆಳೆಯುವ ಭತ್ತ ಯಾವ ನೀರಿನದು? ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನಾಲೆಯಲ್ಲಿ ಹರಿದು ಬರುವ ನೀರು ಅದು. ದಾವಣಗೆರೆ ನಗರದವರು ಕುಡಿಯುವ ಕುಂದುವಾಡ ಕೆರೆಗೆ ತುಂಬುವುದೂ ಅದೇ ನೀರು. ಕೂಡ್ಲಿಯಲ್ಲಿ ತುಂಗೆಯನ್ನು ಸೇರಿದ ಭದ್ರೆಯೇ ಹೊನ್ನಾಳಿಯನ್ನು ದಾಟಿ ಹರಿಹರದ ಸೇತುವೆಯ ಕೆಳಗೆ ಹಾದುಹೋಗುತ್ತಾಳೆ. ಆ ಭದ್ರೆ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ತುಂಗೆ ಮತ್ತು ನೇತ್ರಾವತಿಯರ ಮೂಲವೂ ಅಲ್ಲೇ. ವರ್ಷಕ್ಕೆ ಸುಮಾರು 6,000 ಮಿಲಿಮೀಟರ್ ಮಳೆ ಸುರಿಯುವ ಗುಡ್ಡಗಳವು. ದಾವಣಗೆರೆಯಲ್ಲಿ ಬೀಳುವುದು ಅದರ ಹತ್ತನೆಯ ಒಂದು ಭಾಗದಷ್ಟು. ಅಲ್ಲಿನ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳು ಆ ಮಳೆಯನ್ನು ಹೀರಿ ಹಿಡಿದು ಬೇಸಗೆಯವರೆಗೆ ಮೆಲ್ಲಮೆಲ್ಲನೆ ಬಿಟ್ಟುಕೊಡುವುದರಿಂದಲೇ ಇಲ್ಲಿ ಎರಡನೆಯ ಬೆಳೆಯ ಮಾತು ಸಾಧ್ಯವಾಗುತ್ತದೆ.

ಅದೇ ಗುಡ್ಡಗಳ ಒಳಗೆ ಕಬ್ಬಿಣವೂ ಇತ್ತು.

ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಕತೆಯನ್ನು ಹೊಸ ತಲೆಮಾರು ಅಷ್ಟಾಗಿ ಕೇಳಿಲ್ಲ. ಗಣಿ ಗುತ್ತಿಗೆ ಆರಂಭವಾದುದು 1969ರಲ್ಲಿ, 30 ವರ್ಷಗಳ ಅವಧಿಗೆ. ಅದರ ವಿಸ್ತಾರ 4,600 ಹೆಕ್ಟೇರಿಗೂ ಹೆಚ್ಚು. ಅದಿರು ಕೆಳದರ್ಜೆಯದಾದ್ದರಿಂದ ಅದನ್ನು ಪುಡಿಮಾಡಿ, ನೀರಿನಲ್ಲಿ ತೊಳೆದು, ಕಬ್ಬಿಣದ ಅಂಶವನ್ನು ಬೇರ್ಪಡಿಸಬೇಕಾಗಿತ್ತು. ಇಷ್ಟು ದೊಡ್ಡ ಯೋಜನೆಗೆ ಬಂಡವಾಳ ಹಾಕಲು ಮುಂದೆ ಬಂದವನು ಇರಾನಿನ ಶಾಹ್. 1975ರಲ್ಲಿ ಸುಮಾರು 63 ಕೋಟಿ ಡಾಲರುಗಳ ಸಾಲದ ಒಪ್ಪಂದವಾಯಿತು. 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. ಅಂದರೆ ಒಂದು ದೇಶದ ಮರುಭೂಮಿಯಿಂದ ತೆಗೆದ ಎಣ್ಣೆಯ ಹಣ ಇನ್ನೊಂದು ದೇಶದ ಮಳೆಕಾಡಿನ ಕಬ್ಬಿಣವನ್ನು ತೆಗೆಯಲು ಬಂದಿತು! 1979ರ ಕ್ರಾಂತಿಯ ಬಳಿಕ ಇರಾನ್ ಹಿಂದೆ ಸರಿಯಿತು. ಆದರೆ ಅಷ್ಟರಲ್ಲಿ ಗುಡ್ಡದ ಬುಡಕ್ಕೆ ಯಂತ್ರಗಳು ಬಂದಾಗಿತ್ತು. 1980ರಲ್ಲಿ ಸ್ಥಾವರ ಸಿದ್ಧವಾಯಿತು. ಅದಿರಿನ ಪುಡಿ ನೀರಿನೊಂದಿಗೆ ಬೆರೆತು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಪಣಂಬೂರು ಸೇರಿತು. ಅಲ್ಲಿಂದ ಹಡಗಿನಲ್ಲಿ ಹೊರದೇಶಗಳಿಗೆ ಹೋಯಿತು. ಬೇರ್ಪಟ್ಟ ಹೂಳು ಮಾತ್ರ ಇಲ್ಲೇ ಉಳಿಯಿತು. ಅದನ್ನು ತಡೆದಿರಿಸಲೆಂದು ಭದ್ರೆಯ ಉಪನದಿಯಾದ ಲಖ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟಿದರು.

1987ರಲ್ಲಿ ಸುತ್ತಲಿನ 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸರಕಾರವೇ ಘೋಷಿಸಿತು. ಸಿಂಗಳೀಕಗಳ ಉಳಿವಿಗೆ ಈ ಕಾಡು ಅತ್ಯಗತ್ಯವೆಂಬುದು ಅದಕ್ಕೆ ಕಾರಣಗಳಲ್ಲಿ ಒಂದು. ಹೀಗೆ ಸುತ್ತ ಉದ್ಯಾನ, ನಡುವೆ ಗಣಿ. 1999ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ನವೀಕರಿಸಬೇಕೆಂದು ಕಂಪನಿ, ಕೂಡದೆಂದು ಪರಿಸರಾಸಕ್ತರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿನ್ನಪ್ಪನವರು ಸುಪ್ರೀಂ ಕೋರ್ಟಿನ ಮೊರೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು. ಅದರಂತೆ 2005ರ ಡಿಸೆಂಬರ್ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು.

ಕಂಪನಿಯ ಪರವಾಗಿ ಅಂದು ಹೇಳಲಾದ ಮಾತುಗಳನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಇದು ಖಾಸಗಿ ಲೂಟಿಕೋರರ ಗಣಿಯಲ್ಲ, ಸರಕಾರದ್ದೇ ಸಂಸ್ಥೆ. ವಿದೇಶಿ ವಿನಿಮಯ ತರುತ್ತದೆ, ರಾಜಧನ ಕೊಡುತ್ತದೆ, ಸಾವಿರಾರು ಕುಟುಂಬಗಳ ಒಲೆ ಉರಿಸುತ್ತದೆ. ಅಗೆದಿರುವುದು ಇಡೀ ಉದ್ಯಾನದ ಅಳತೆಯಲ್ಲಿ ಸಣ್ಣ ಪಾಲು. ಹೇಗೂ ಅಗೆದಾಗಿದೆ, ಉಳಿದ ಅದಿರನ್ನೂ ತೆಗೆದು ಮುಗಿಸಿದರೆ ಹೊಸ ನಷ್ಟವೇನು? ಧಾರ್ಮಿಕ ಮನಸ್ಸಿನವರು ಇದಕ್ಕೆ ಮತ್ತೊಂದು ಮಾತನ್ನೂ ಸೇರಿಸಬಹುದು. ಪವಿತ್ರ ಕುರ್‌ಆನಿನಲ್ಲಿ ಕಬ್ಬಿಣದ ಹೆಸರಿನದೇ ಒಂದು ಅಧ್ಯಾಯವಿದೆ. ಅದರಲ್ಲಿ ಭಾರೀ ಶಕ್ತಿಯೂ ಜನರಿಗೆ ಅನೇಕ ಪ್ರಯೋಜನಗಳೂ ಇವೆಯೆಂದು ಅಲ್ಲಾಹನೇ ತಿಳಿಸಿದ್ದಾನೆ. ಪ್ರಯೋಜನಕ್ಕೆಂದೇ ಕೊಟ್ಟದ್ದನ್ನು ಬಳಸಬೇಡಿರೆಂದು ಹೇಳಲು ನಾವು ಯಾರು?

ಈ ಕೊನೆಯ ಮಾತನ್ನೇ ಮೊದಲು ಪರಿಶೀಲಿಸೋಣ. ಏಕೆಂದರೆ ಇದು ನಿಜವಾದ ಪ್ರಶ್ನೆ. ಪ್ರಯೋಜನವಿರುವ ವಸ್ತುವನ್ನು ಪುಣ್ಯಕ್ಕಾಗಿ ತ್ಯಜಿಸುವುದು ಇಸ್ಲಾಮಿನ ದಾರಿಯಲ್ಲ, ನಮ್ಮದು ಸನ್ಯಾಸಧರ್ಮವಲ್ಲ. ಆದರೆ ಆ ಸೂಕ್ತವನ್ನು ಪೂರ್ತಿಯಾಗಿ ಓದಿದವರು ಒಂದು ಕ್ರಮವನ್ನು ಗಮನಿಸಿರಬಹುದು. ಅಲ್ಲಿ ಕಬ್ಬಿಣದ ಪ್ರಸ್ತಾಪ ಒಂಟಿಯಾಗಿ ಬಂದಿಲ್ಲ. ಮೊದಲು ದೂತರು, ಅನಂತರ ಗ್ರಂಥ, ಅನಂತರ ತಕ್ಕಡಿ, ಜನರು ನ್ಯಾಯದ ಮೇಲೆ ನಿಲ್ಲಬೇಕೆಂಬ ಉದ್ದೇಶ, ಅದಾದ ಬಳಿಕವೇ ಕಬ್ಬಿಣ. ತಕ್ಕಡಿ ಕೈಗೆ ಬಂದ ಮೇಲೆ ಕಬ್ಬಿಣ ಬಂದಿದೆ. ಆದುದರಿಂದ ಕಬ್ಬಿಣವು ಅನುಗ್ರಹವೇ ಎಂಬುದು ಇಲ್ಲಿ ವಿವಾದವಲ್ಲ. ಈ ಗುಡ್ಡದ ಈ ಕಬ್ಬಿಣವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬುದೇ ವಿವಾದ. ನೀರು ಅನುಗ್ರಹವಲ್ಲವೇ? ಕಾಡು, ಕಾಡಿನ ಜೀವಿಗಳು? ಪ್ರಾಣಿಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಅದೇ ಗ್ರಂಥ ಹೇಳುತ್ತದೆ. ಒಂದು ಅನುಗ್ರಹವನ್ನು ಪಡೆಯಲು ಹೋಗಿ ಮೂರನ್ನು ಕೆಡಿಸುವವನು ಕೃತಜ್ಞನೆಂದು ಹೇಳಿಕೊಳ್ಳಲಾರ.

ಇನ್ನು ‘ಸಣ್ಣ ಪಾಲು’ ಎಂಬ ವಾದ. ಪ್ರವಾದಿ(ಸ)ಯವರು ಕೊಟ್ಟ ಹಡಗಿನ ಉಪಮೆ ಬುಖಾರಿಯಲ್ಲಿ ವರದಿಯಾಗಿದ್ದು ಬಹಳಷ್ಟು ಓದುಗರಿಗೆ ಪರಿಚಿತವೇ. ಚೀಟಿ ಎತ್ತಿ ಕೆಲವರು ಮೇಲಂತಸ್ತಿನಲ್ಲಿಯೂ ಕೆಲವರು ಕೆಳಗೂ ಇರುತ್ತಾರೆ. ಪ್ರತಿ ಸಲವೂ ನೀರಿಗಾಗಿ ಮೇಲೆ ಹೋಗಿ ಅವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ಒಂದು ರಂಧ್ರ ಕೊರೆಯೋಣವೆಂದು ಕೆಳಗಿನವರು ಯೋಚಿಸುತ್ತಾರೆ. ತಡೆಯದಿದ್ದರೆ ಎಲ್ಲರೂ ಮುಳುಗುವರು. ಕೊರೆಯುವವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂಬುದು ಈ ಉಪಮೆಯ ಸೂಕ್ಷ್ಮ. ಜಾಗವೂ ಅವರದೇ, ರಂಧ್ರವೂ ಸಣ್ಣದೇ. ನಮ್ಮ ಸಂದರ್ಭದಲ್ಲಿ ಒಂದೇ ವ್ಯತ್ಯಾಸವೆಂದರೆ, ರಂಧ್ರ ಕೊರೆದದ್ದು ಹಡಗಿನ ಮೇಲಂತಸ್ತಿನಲ್ಲಿ. ಕೆಳಗಿದ್ದವರು ನಾವು. ಅಷ್ಟು ಭಾರೀ ಮಳೆ ಬೀಳುವ ಕಡೆ ಗುಡ್ಡದ ಹುಲ್ಲಿನ ಹೊದಿಕೆಯನ್ನು ಕಿತ್ತರೆ ಮಣ್ಣು ನಿಲ್ಲುವುದೆಲ್ಲಿ? ಅದು ಭದ್ರೆಗೆ ಇಳಿಯುತ್ತದೆ. ಭದ್ರೆ ಅದನ್ನು ಜಲಾಶಯಕ್ಕೆ ತಲುಪಿಸುತ್ತಾಳೆ. ಜಲಾಶಯದ ತಳದಲ್ಲಿ ಹೂಳು ಏರಿದಷ್ಟೂ ನೀರಿನ ಪಾಲು ಕುಗ್ಗುತ್ತದೆ. ಆ ಕುಗ್ಗಿದ ಪಾಲು ಮೊದಲು ತಪ್ಪುವುದು ನಾಲೆಯ ಕೊನೆಯಂಚಿನ ರೈತನಿಗೆ. ಬೇಸಗೆ ಬಂದಾಗ ಹರಿಹರ, ದಾವಣಗೆರೆ ತಾಲೂಕುಗಳ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದು ನಮಗೆ ಹೊಸದೇನಲ್ಲ. ಅವರ ಸಂಕಟಕ್ಕೆ ಮೇಲ್ಭಾಗದ ಅಕ್ರಮ ಪಂಪುಸೆಟ್ಟು, ಸಾಲದ ಮಳೆ ಮೊದಲಾದ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಗಣಿಯ ತಲೆಗೆ ಕಟ್ಟಲಾಗದು. ಆದರೆ ಗಣಿಯ ಲಾಭ-ನಷ್ಟದ ಪಟ್ಟಿ ತಯಾರಿಸಿದ ಯಾವ ಮೇಜಿನ ಮುಂದೆಯೂ ಆ ರೈತನಿಗೆ ಕುರ್ಚಿ ಇರಲಿಲ್ಲ.

ಕೊಟ್ಟ ಗುತ್ತಿಗೆಯನ್ನು ಹಿಂದಕ್ಕೆ ಪಡೆಯುವುದು ಮಾತಿಗೆ ತಪ್ಪಿದಂತಲ್ಲವೇ ಎಂಬ ಆಕ್ಷೇಪವೂ ಇದೆ. ಯಮನಿನ ಮಅ್‌ರಿಬ್‌ನಿಂದ ಬಂದ ಅಬ್ಯದ್ ಬಿನ್ ಹಮ್ಮಾಲ್(ರ) ಎಂಬವರು ಅಲ್ಲಿನ ಉಪ್ಪಿನ ಗಣಿಯನ್ನು ತನಗೆ ಕೊಡಬೇಕೆಂದು ಪ್ರವಾದಿ(ಸ)ಯವರಲ್ಲಿ ಕೇಳಿಕೊಂಡರು. ಪ್ರವಾದಿ(ಸ)ಯವರು ಕೊಟ್ಟರು. ಅವರು ಹೊರಟುಹೋದ ಮೇಲೆ ಸಭೆಯಲ್ಲಿದ್ದವರೊಬ್ಬರು, ತಾವು ಕೊಟ್ಟುದು ಎಂದೂ ಬತ್ತದ ನೀರಿನಂತಹ ಸಂಪತ್ತೆಂದು ತಿಳಿಸಿದರು. ಅದು ಎಲ್ಲರೂ ಬಂದು ಕೊಂಡೊಯ್ಯುವ ಉಪ್ಪೆಂದು ಅರಿವಾದಾಗ ಪ್ರವಾದಿ(ಸ)ಯವರು ಅದನ್ನು ಹಿಂದಕ್ಕೆ ಪಡೆದರು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಇದು ವರದಿಯಾಗಿದೆ. ಕರ್ಮಶಾಸ್ತ್ರಜ್ಞರು ಇದರ ಆಧಾರದಲ್ಲಿ ಕೈಗೆಟಕುವ ಖನಿಜಗಳನ್ನೂ ಆಳದಲ್ಲಿ ಅಡಗಿರುವ ಖನಿಜಗಳನ್ನೂ ಬೇರೆ ಬೇರೆಯಾಗಿ ಚರ್ಚಿಸಿದ್ದಾರೆ. ಕಬ್ಬಿಣ ಸಾಮಾನ್ಯವಾಗಿ ಎರಡನೆಯ ಗುಂಪಿನದು. ಆದ್ದರಿಂದ ಈ ಘಟನೆಯನ್ನು ನೇರವಾಗಿ ಕುದುರೆಮುಖಕ್ಕೆ ಅಂಟಿಸುವುದು ಸರಿಯಾಗದು. ಆದರೂ ಒಂದು ಅಂಶ ಸ್ಪಷ್ಟ. ವಸ್ತುಸ್ಥಿತಿ ತಿಳಿಯದೆ ಕೊಟ್ಟದ್ದನ್ನು ವಸ್ತುಸ್ಥಿತಿ ತಿಳಿದ ಮೇಲೆ ಮರುಪರಿಶೀಲಿಸುವುದು ವಚನಭಂಗವಲ್ಲ. 1969ರಲ್ಲಿ ಗುತ್ತಿಗೆ ಕೊಟ್ಟಾಗ ಆ ಶೋಲಾ ಕಾಡುಗಳ ಬೆಲೆ ಬಹುಮಂದಿಗೆ ತಿಳಿದಿರಲಿಲ್ಲ. 1999ರಲ್ಲಿ ತಿಳಿದಿಲ್ಲವೆಂದು ಹೇಳುವ ಅವಕಾಶ ಯಾರಿಗೂ ಇರಲಿಲ್ಲ.

ಇಷ್ಟು ಹೇಳಿ ಗಣಿ ನಿಂತದ್ದಕ್ಕೆ ಸಂತೋಷಪಟ್ಟು ಸುಮ್ಮನಾದರೆ ಅದು ಅರ್ಧ ನ್ಯಾಯ. ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ಸಾವಿರಾರು ಜನ ಬದುಕು ಕಟ್ಟಿಕೊಂಡಿದ್ದರು. ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲವೂ ಆ ಗಣಿಯನ್ನೇ ನಂಬಿದ್ದವು. 2005ರ ಬಳಿಕ ಆ ಊರು ಬರಿದಾಯಿತು. ಕೆಲಸ ಕಳಕೊಳ್ಳುವುದೆಂದರೇನೆಂದು ದಾವಣಗೆರೆ ಹರಿಹರದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನ ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನಾವು ಕಂಡಿದ್ದೇವೆ. 1941ರಲ್ಲಿ ಆರಂಭವಾಗಿ ತಲೆಮಾರುಗಳಿಗೆ ಅನ್ನ ಕೊಟ್ಟ ಹರಿಹರದ ಮೈಸೂರು ಕಿರ್ಲೋಸ್ಕರ್ ಮುಚ್ಚಿದ ಮೇಲೆ ನುರಿತ ಲೇತ್ ಕೆಲಸಗಾರರು ಯಾವ ಯಾವ ಕೆಲಸಕ್ಕೆ ಇಳಿಯಬೇಕಾಯಿತೆಂಬುದೂ ಗೊತ್ತಿದೆ. ಒಂದು ಹಾನಿಯನ್ನು ಅಷ್ಟೇ ದೊಡ್ಡ ಇನ್ನೊಂದು ಹಾನಿಯಿಂದ ನಿವಾರಿಸಬಾರದೆಂಬುದು ನಮ್ಮ ಕರ್ಮಶಾಸ್ತ್ರದ ಹಳೆಯ ತತ್ವ. ಕಾಡಿಗಾಗಿ ಗಣಿ ನಿಲ್ಲಿಸಿದ ಸಮಾಜವು ಆ ಕಾರ್ಮಿಕನ ಮಗನ ಶಾಲಾ ಶುಲ್ಕಕ್ಕೂ ಹೊಣೆಯಾಗಬೇಕಿತ್ತು. ಹಸಿರು ಗುಡ್ಡದ ಲಾಭ ಎಲ್ಲರಿಗೆ, ಅದರ ಬೆಲೆ ಮಾತ್ರ ಕೆಲವೇ ಮನೆಗಳಿಗೆ ಎಂದಾದರೆ ತಕ್ಕಡಿ ಮತ್ತೆ ಓರೆಯಾಗಿದೆ ಎಂದೇ ಅರ್ಥ.

ಕಾಡಿನಲ್ಲೇ ತಲೆತಲಾಂತರದಿಂದ ಬಾಳಿದ ಮಲೆಕುಡಿಯ ಮೊದಲಾದ ಜನರ ಪ್ರಶ್ನೆ ಇನ್ನೂ ಕಠಿಣ. ಗಣಿಯನ್ನು ಹೊರಹಾಕಲು ಬಳಸಿದ ಅದೇ ಉದ್ಯಾನದ ಕಾನೂನು ಅವರ ಬಾಗಿಲಿಗೂ ಬಂದಿತು. ಗುಡ್ಡವನ್ನು ಬುಡಮೇಲು ಮಾಡಿದ ಯಂತ್ರವನ್ನೂ ಜೇನು, ಸೀಗೆ ಆಯ್ದು ಬದುಕುವ ಕೈಯನ್ನೂ ಒಂದೇ ತೂಕದಲ್ಲಿ ತೂಗಬಹುದೇ? ಅರಬ್ ನಾಡಿನಲ್ಲಿ ‘ಹಿಮಾ’ ಎಂಬ ಪದ್ಧತಿಯಿತ್ತು. ಇಸ್ಲಾಮಿನ ಮೊದಲು ಬಲಾಢ್ಯ ನಾಯಕನೊಬ್ಬ ತನ್ನ ನಾಯಿಯ ಬೊಗಳುವಿಕೆ ಕೇಳಿಸುವಷ್ಟು ದೂರದ ಹುಲ್ಲುಗಾವಲನ್ನು ತನಗೆಂದು ಕಾಯ್ದಿರಿಸಿಕೊಳ್ಳುತ್ತಿದ್ದನಂತೆ. ಪ್ರವಾದಿ(ಸ)ಯವರು ಆ ಸ್ವಾರ್ಥವನ್ನು ರದ್ದುಪಡಿಸಿ, ಕಾಯ್ದಿರಿಸುವುದಿದ್ದರೆ ಅದು ಅಲ್ಲಾಹನಿಗೂ ಅವನ ದೂತನಿಗೂ ಸೇರಿದ್ದು, ಅಂದರೆ ಸಾರ್ವಜನಿಕ ಹಿತಕ್ಕಾಗಿ ಮಾತ್ರ ಎಂದು ಸ್ಥಾಪಿಸಿದರು. ಮದೀನದ ಬಳಿಯ ನಕೀಅ್ ಎಂಬಲ್ಲಿ ಹಾಗೆ ಕಾಯ್ದಿರಿಸಿದರು. ಮುಂದೆ ಹಝ್ರತ್ ಉಮರ್(ರ)ರವರು ಒಂದು ಹಿಮಾಕ್ಕೆ ಹುನೈ ಎಂಬವರನ್ನು ಕಾವಲಿಗೆ ನೇಮಿಸಿದಾಗ ಕೊಟ್ಟ ಸೂಚನೆಯನ್ನು ನಮ್ಮ ಅರಣ್ಯ ಇಲಾಖೆಯ ಪ್ರತಿಯೊಂದು ಚೌಕಿಯಲ್ಲಿಯೂ ತೂಗುಹಾಕಬೇಕು. ಕೆಲವೇ ಒಂಟೆ, ಕೆಲವೇ ಆಡುಗಳಿರುವ ಬಡವನನ್ನು ಒಳಗೆ ಬಿಡು. ಉಸ್ಮಾನ್ ಬಿನ್ ಅಫ್ಫಾನ್ ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್‌ರಂತಹ ಶ್ರೀಮಂತರ ಮಂದೆಗಳನ್ನು ಬಿಡಬೇಡ. ಅವರ ಜಾನುವಾರು ಸತ್ತರೂ ಅವರಿಗೆ ತೋಟ, ಹೊಲಗಳಿವೆ, ಬಡವನ ಜಾನುವಾರು ಸತ್ತರೆ ಅವನು ಮಕ್ಕಳನ್ನು ಕರಕೊಂಡು ನನ್ನ ಬಾಗಿಲಿಗೆ ಬರುತ್ತಾನೆ ಎಂಬುದು ಅದರ ಸಾರಾಂಶ. ಹೆಸರಿಸಲಾದ ಆ ಇಬ್ಬರೂ ಸ್ವರ್ಗದ ಸುವಾರ್ತೆ ಪಡೆದ ಸಹಾಬಿಗಳೆಂಬುದನ್ನು ಮರೆಯಬಾರದು. ರಕ್ಷಿತ ಭೂಮಿಯ ಬೇಲಿ ಯಾರಿಗೆ ಎತ್ತರವಾಗಿರಬೇಕು, ಯಾರಿಗೆ ತಗ್ಗಾಗಿರಬೇಕು ಎಂಬ ವಿಷಯದಲ್ಲಿ ಅವರ ಪುಣ್ಯವೂ ಲೆಕ್ಕಕ್ಕೆ ಬರಲಿಲ್ಲ.

ನಮ್ಮಲ್ಲಿ ನಡೆಯುವುದು ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ದೂರ ಹೋಗಬೇಕಾಗಿಲ್ಲ. 1984ರಲ್ಲಿ ಹರಿಹರ ಪಾಲಿಫೈಬರ್ಸ್ ಮತ್ತು ರಾಜ್ಯ ಸರಕಾರ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿ, ನೀಲಗಿರಿ ಬೆಳೆಸಲೆಂದು ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಅದಕ್ಕೆ ಒಪ್ಪಿಸಲು ಹೊರಟಾಗ, ಹಳ್ಳಿಯವರ ದನಕರುಗಳಿಗೆ ಬೇಲಿ ಬಿದ್ದಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಶಿವರಾಮ ಕಾರಂತರೂ ಆ ಹೋರಾಟದೊಂದಿಗಿದ್ದರು. 1991ರಲ್ಲಿ ಕಂಪನಿ ಬರಖಾಸ್ತಾಯಿತು.

ಹೊರಪ್ರಪಂಚದ ತೈಲದ ವಿವಾದಗಳಲ್ಲಿಯೂ ಇವೇ ಪ್ರಶ್ನೆಗಳು ವೇಷ ಬದಲಿಸಿ ನಿಂತಿವೆ. ಅಲಾಸ್ಕಾದ ಉತ್ತರ ತುದಿಯ ವನ್ಯಜೀವಿ ಆಶ್ರಯತಾಣ 1960ರಲ್ಲಿ ರಚಿತವಾಗಿ 1980ರಲ್ಲಿ ಸುಮಾರು 190 ಲಕ್ಷ ಎಕರೆಗೆ ವಿಸ್ತರಿಸಿತು. ಅದರ ಕರಾವಳಿಯ 15 ಲಕ್ಷ ಎಕರೆಯಲ್ಲಿ ಎಣ್ಣೆ ಕೊರೆಯಬೇಕೇ ಬೇಡವೇ ಎಂಬುದು ಅಂದಿನಿಂದಲೂ ಚುನಾವಣೆಯೊಂದಿಗೆ ತಿರುಗುವ ಗಾಳಿಪಟ. 2017ರಲ್ಲಿ ಕಾನೂನು ಬಾಗಿಲು ತೆರೆಯಿತು, 2021ರ ಆರಂಭದಲ್ಲಿ ಹರಾಜಾಯಿತು, 2023ರಲ್ಲಿ ಗುತ್ತಿಗೆಗಳು ರದ್ದಾದವು, 2025ರಲ್ಲಿ ಹೊಸ ಸರಕಾರ ಮತ್ತೆ ತೆರೆಯಲು ಹೊರಟಿತು. ಹಿಮಸಾರಂಗಗಳನ್ನು ನಂಬಿ ಬದುಕುವ ಗ್ವಿಚಿನ್ ಜನ ಬೇಡವೆನ್ನುತ್ತಾರೆ. ಅದೇ ಕರಾವಳಿಯ ಕಾಕ್ಟೋವಿಕ್ ಹಳ್ಳಿಯ ಇನುಪಿಯಾಟ್ ಜನರಲ್ಲಿ ಅನೇಕರು ಶಾಲೆ, ಆಸ್ಪತ್ರೆಗೆ ಹಣ ಬೇಕಲ್ಲವೇ ಎಂದು ಬೇಕೆನ್ನುತ್ತಾರೆ. ಸ್ಥಳೀಯರು ಹೇಳಿದಂತೆ ಆಗಲಿ ಎಂಬ ಸುಲಭ ಪರಿಹಾರ ಅಲ್ಲಿ ಕೆಲಸಕ್ಕೆ ಬಾರದು.

ಇಕ್ವೆಡಾರ್ ದೇಶದ ಉದಾಹರಣೆ ಮತ್ತಷ್ಟು ಬೋಧಪ್ರದ. ಯಸುನಿ ಕಾಡಿನ ಎಣ್ಣೆಯನ್ನು ನೆಲದಲ್ಲೇ ಬಿಡುತ್ತೇವೆ, ನಮಗಾಗುವ ನಷ್ಟದ ಅರ್ಧದಷ್ಟು, ಅಂದರೆ 360 ಕೋಟಿ ಡಾಲರ್, ಜಗತ್ತು ಕೊಡಲಿ ಎಂದು 2007ರಲ್ಲಿ ಆ ಬಡದೇಶ ಕೇಳಿತು. ಕಾಡಿನ ಮಹತ್ವದ ಬಗ್ಗೆ ಭಾಷಣ ಮಾಡುವ ಶ್ರೀಮಂತ ರಾಷ್ಟ್ರಗಳಿಂದ ಕೈಸೇರಿದ್ದು ಸುಮಾರು ಒಂದೂಕಾಲು ಕೋಟಿ ಡಾಲರ್ ಮಾತ್ರ! 2013ರಲ್ಲಿ ಯೋಜನೆ ಕೈಬಿಟ್ಟು ಕೊರೆಯಲು ಮುಂದಾದರು. ಆದರೆ 2023ರ ಆಗಸ್ಟ್ 20ರಂದು ಅದೇ ದೇಶದ ಜನ, ಸುಮಾರು 59 ಶೇಕಡಾ ಮತಗಳಿಂದ, ಎಣ್ಣೆ ನೆಲದಲ್ಲೇ ಇರಲಿ ಎಂದು ತೀರ್ಮಾನಿಸಿದರು. ಬಾವಿಗಳನ್ನು ಮುಚ್ಚಲು ಕೊಟ್ಟ ಒಂದು ವರ್ಷದ ಗಡುವು ಮುಗಿದಾಗಲೂ ಹೆಚ್ಚಿನವು ನಡೆಯುತ್ತಲೇ ಇದ್ದವು ಎಂಬುದು ಬೇರೆ ಮಾತು. ನಮ್ಮ ದೇಶದಲ್ಲಿ ಅಸ್ಸಾಮಿನ ಬಾಗ್ಜಾನ್‌ನಲ್ಲಿ, ದಿಬ್ರು-ಸೈಖೋವಾ ಉದ್ಯಾನದ ಪಕ್ಕದ ಬಾವಿಯೊಂದು 2020ರ ಮೇ 27ರಂದು ಸಿಡಿಯಿತು. ಜೂನ್ 9ರಂದು ಬೆಂಕಿ ಹೊತ್ತಿಕೊಂಡು ಆರಿದ್ದು ನವೆಂಬರಿನಲ್ಲಿ. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳಕೊಂಡರು. ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು.

ಪೆಟ್ರೋಲ್ ಹಾಕಿಸಿದ ಸ್ಕೂಟರಿನಲ್ಲಿ ಓಡಾಡುತ್ತ, ಕಬ್ಬಿಣದ ಸರಳು ಹಾಕಿ ತಾರಸಿ ಕಟ್ಟುತ್ತ, ಗಣಿ ಬೇಡ ಬಾವಿ ಬೇಡ ಎನ್ನುವುದು ಕಪಟವಲ್ಲವೇ? ಈ ಪ್ರಶ್ನೆ ನಮ್ಮ ಓದುಗರಲ್ಲೂ ಕೆಲವರ ಮನಸ್ಸಿನಲ್ಲಿ ಬಂದಿರಬಹುದು. ಮಾಂಸ ತಿನ್ನುವವನು ಪ್ರಾಣಿಹಿಂಸೆಯ ವಿರುದ್ಧ ಮಾತನಾಡಬಾರದೆಂದು ಯಾರೂ ಹೇಳುವುದಿಲ್ಲ. ಕೊಯ್ಯುವ ಕತ್ತಿ ಹರಿತವಾಗಿರಲಿ, ಪ್ರಾಣಿಗೆ ಸಂಕಟ ಕೊಡಬೇಡಿರೆಂದು ಆಜ್ಞಾಪಿಸಲಾದುದು ತಿನ್ನುವವರಿಗೇ. ಬಳಸುವವನಿಗೇ ಬಳಕೆಯ ಮರ್ಯಾದೆ ಹೇಳಬೇಕಾಗುತ್ತದೆ. ಆದರೆ ಪ್ರಶ್ನೆಯ ಚುಚ್ಚು ಅಷ್ಟಕ್ಕೇ ಹೋಗುವುದಿಲ್ಲ. ಕುದುರೆಮುಖ ನಿಂತ ಮೇಲೆ ಮಂಗಳೂರಿನ ಉಂಡೆ ಕಾರ್ಖಾನೆಗೆ ಅದಿರು ಬೇರೆಡೆಯಿಂದ ಬರಬೇಕಾಯಿತು. ಅದೇ ಕಂಪನಿಗೆ ಸಂಡೂರಿನ ದೇವದಾರಿ ಗುಡ್ಡದಲ್ಲಿ ಗಣಿ ಕೊಡುವ ಪ್ರಸ್ತಾಪ 2024ರಲ್ಲಿ ದೊಡ್ಡ ವಿವಾದವಾಯಿತು. ಅಲ್ಲಿ ಕಡಿಯಬೇಕಾಗುವ ಮರಗಳು ಸುಮಾರು 99 ಸಾವಿರ. ರಾಜ್ಯದ ಅರಣ್ಯ ಸಚಿವರು ಭೂಮಿ ಹಸ್ತಾಂತರಕ್ಕೆ ತಡೆಯೊಡ್ಡಿದರು. ಭದ್ರೆಯ ಮೂಲವನ್ನು ಉಳಿಸಿಕೊಂಡ ನಾವು ಸಂಡೂರಿನ ಗುಡ್ಡದ ಬಗ್ಗೆ ಏನು ಹೇಳುತ್ತೇವೆ? ಅದರ ನೀರು ನಮ್ಮ ನಾಲೆಗೆ ಬರುವುದಿಲ್ಲ. ನಮ್ಮ ಪರಿಸರಪ್ರೇಮ ನಮ್ಮ ಅಚ್ಚುಕಟ್ಟಿನ ಗಡಿಯಲ್ಲೇ ನಿಂತುಬಿಡುವುದಾದರೆ, ನಾಯಿಯ ಬೊಗಳುವಿಕೆ ಕೇಳುವಷ್ಟು ದೂರವನ್ನು ತನಗೆಂದು ಕಾಯ್ದಿರಿಸಿಕೊಂಡ ಆ ಅಜ್ಞಾನಕಾಲದ ನಾಯಕನಿಗೂ ನಮಗೂ ವ್ಯತ್ಯಾಸವೇನು? ಮದುವೆ ಮಂಟಪದ ದೀಪಾಲಂಕಾರ, ಮೂರು ಜನರ ಮನೆಗೆ ಮೂರಂತಸ್ತು, ಮಸೀದಿಗೆ ಒಂದು ಫರ್ಲಾಂಗು ದೂರಕ್ಕೂ ಕಾರು, ಇವುಗಳ ಲೆಕ್ಕವೂ ಇದೇ ಖಾತೆಯಲ್ಲಿ ಬರುತ್ತದೆ. ಇಸ್ರಾಫ್ ಎಂಬ ಪದವನ್ನು ನಾವು ಊಟದ ತಟ್ಟೆಗೆ ಮಾತ್ರ ಸೀಮಿತಗೊಳಿಸಿಕೊಂಡಿದ್ದೇವೆ.

ಲಖ್ಯಾ ಅಣೆಕಟ್ಟಿನ ಮಾತು ಬಾಕಿಯಿದೆ. ಗಣಿ ನಿಂತು ಎರಡು ದಶಕಗಳಾದರೂ 25 ವರ್ಷಗಳ ಹೂಳು ಅದರ ಹಿಂದೆಯೇ ಇದೆ. ಪ್ರತಿ ಮಳೆಗಾಲದಲ್ಲಿಯೂ ಆ ಕಟ್ಟೆಯನ್ನು ನೋಡಿಕೊಳ್ಳುತ್ತಿರಬೇಕು, ಹತ್ತು ವರ್ಷವಲ್ಲ, ನಮ್ಮ ಮೊಮ್ಮಕ್ಕಳ ಕಾಲದಲ್ಲಿಯೂ. ಅದಿರು ಕೊಂಡ ದೇಶಗಳಿಗೆ ಈ ಹೊಣೆಯಿಲ್ಲ. ಭದ್ರಾ ನೀರನ್ನು ಎಂದು ಬಿಡಬೇಕು, ಎಷ್ಟು ದಿನ ಬಿಡಬೇಕು ಎಂದು ತೀರ್ಮಾನಿಸಲು ಪ್ರತಿ ಹಂಗಾಮಿನಲ್ಲಿಯೂ ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ, ದಾವಣಗೆರೆ ಹರಿಹರದ ರೈತಮುಖಂಡರೂ ಅದರತ್ತ ಕಣ್ಣಿಟ್ಟಿರುತ್ತಾರೆ. ಮುಂದಿನ ಸಭೆಯಲ್ಲಿ ಇದನ್ನೂ ಕೇಳಬಹುದು: ಲಖ್ಯಾ ಕಟ್ಟೆಯನ್ನು ಕಳೆದ ಮಳೆಗಾಲಕ್ಕೆ ಮುಂಚೆ ಯಾರು ಹೋಗಿ ನೋಡಿದರು, ಅವರ ವರದಿ ಎಲ್ಲಿದೆ, ಮುಂದಿನ ಐವತ್ತು ವರ್ಷ ಅದರ ದುರಸ್ತಿಯ ಹಣ ಯಾವ ಖಾತೆಯಲ್ಲಿದೆ?